ಧರ್ಮದತ್ತಿ ಮತ್ತು ಮೃತ್ಯುಪತ್ರ: ಸೋಲಾಪುರ ಸೀಮೆಯ ಇತಿಹಾಸ

ತನ್ನ ಆಸ್ತಿಯ ಒಂದಂಶವಾಗಲಿ ಸರ್ವಸ್ವವಾಗಲಿ ತನ್ನ ತರುವಾಯವೂ ಧರ್ಮಕಾರ್ಯಕ್ಕೆ ಸಲ್ಲುತ್ತಿರುವಂತೆ ಗೃಹಸ್ಥನು ಮುಂದಾಗಿ ಮಾಡಿಡುವ ಏರ್ಪಾಟು ಧರ್ಮದತ್ತಿಯೆನಿಸುವುದು. ಮರಣಾನಂತರ ಜಾರಿಗೆ ಬರುವಂತೆ ಅದನ್ನು ಬರೆದಿಡುವ ಪತ್ರಕ್ಕೆ ಮೈಸೂರು ಕಡೆ ಉಯಿಲೆಂದೂ, ಕಂದಲಗಾಂವ, ಅಕ್ಕಲಕೋಟೆಗಳನ್ನೊಳಗೊಂಡ ಸೋಲಾಪುರ ಸೀಮೆಯಲ್ಲಿ ಮೃತ್ಯುಪತ್ರವೆಂದೂ ಹೆಸರು.

ಈ ಸೀಮೆಯು ಕಲ್ಯಾಣ ಚಾಲುಕ್ಯರ ಆಳ್ವಿಕೆಗೊಳಪಟ್ಟಿದ್ದ ಕಾಲದಲ್ಲಿ ದಾನಿಯು ಬದುಕಿರುವಾಗಲೇ ಆಚಾರ್ಯನ ಕಾಲು ತೊಳೆದು, ಧಾರೆಯೆರೆದು, ಇಷ್ಟು ಮತ್ತರು ನೆಲ ನಂದಾದೀವಿಗೆಗೆ, ಇಷ್ಟು ತಪೋಧನರ ಆಹಾರದಾನಕ್ಕೆ, ಇಷ್ಟು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ವಿನಿಯೋಗವನ್ನು ಹೆಸರಿಸಿ ಕಲ್ಲಿನಲ್ಲಿ ಕೆತ್ತಿಸುತ್ತಿದ್ದನು. ಕಲ್ಲಿನ ನೆತ್ತಿಯ ಸೂರ್ಯಚಂದ್ರರು ದತ್ತಿಯ ಅವಧಿಯನ್ನು ಸೂಚಿಸುವರು. ಕೊನೆಯ ಶಾಪವಾಕ್ಯ ದತ್ತಿಗೆ ಅಳುಪುವವನಿಗೆ ಮೀಸಲು. ಗೋಡೆ ಬಿರಿದೀತೆಂಬುದನ್ನೂ ನೆನೆದು ಅದರ ದುರಸ್ತಿಗೂ ನೆಲವನ್ನು ತೆಗೆದಿಟ್ಟ ಆ ವಿವೇಕವು ವಿಶೇಷವಾಗಿ ಸ್ಮರಣೀಯ.

ಅದೇ ಚಾಲುಕ್ಯ ವಂಶದ ಅರಸು ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯೆಂಬ ಧರ್ಮಶಾಸ್ತ್ರ ವ್ಯಾಖ್ಯಾನವು ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಜನ್ಮದಿಂದಲೇ ಸ್ವತ್ವವುಂಟೆಂದು ಸಾಧಿಸಿದ್ದರಿಂದ, ಅವಿಭಕ್ತ ಕುಟುಂಬದ ಹಿಂದುವು ತನ್ನ ಪಾಲನ್ನು ಮೃತ್ಯುಪತ್ರದ ಮೂಲಕ ಧರ್ಮಕ್ಕೆ ಬಿಡಲು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯವರೆಗೆ ಕಾಯಬೇಕಾಯಿತು. ಸ್ವಯಾರ್ಜಿತಕ್ಕೆ ಆ ತೊಡಕಿರಲಿಲ್ಲ. ಮುಸ್ಲಿಮರ ಧರ್ಮಶಾಸ್ತ್ರವು ವಾರಸುದಾರರ ಒಪ್ಪಿಗೆಯಿಲ್ಲದ ಮರಣೋತ್ತರ ದಾನವನ್ನು ಆಸ್ತಿಯ ಮೂರನೆಯ ಒಂದಂಶಕ್ಕೆ ಮಿತಗೊಳಿಸಿದೆ.

ಈ ಸೀಮೆಯ ಆಧುನಿಕ ದತ್ತಿಗಳಲ್ಲಿ ಸೋಲಾಪುರದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರದು ಅತ್ಯಂತ ವಿಚಾರಪೂರ್ವಕವಾದುದು. ನ್ಯಾಯಾರ್ಜಿತ ಸಂಪತ್ತನ್ನು ಧರ್ಮಕ್ಕೂ ಸಮಾಜಕ್ಕೂ ವಿನಿಯೋಗಿಸಬೇಕೆಂದು 1940ರಲ್ಲಿ ನಿಶ್ಚಯಿಸಿದ ಅವರು, ಹಣವನ್ನು ಯಾವ ಕಾರ್ಯಕ್ಕೆ ಕೊಡಬೇಕೆಂಬುದನ್ನು ತಾವೊಬ್ಬರೇ ತೀರ್ಮಾನಿಸದೆ, ದೇಶವನ್ನೆಲ್ಲ ಸಂಚರಿಸಿ ವಿದ್ವಾಂಸರ ಅಭಿಪ್ರಾಯಗಳನ್ನು ಮುಖತಃ ಕೇಳಿಯೂ ಬರೆಯಿಸಿಕೊಂಡೂ ಸಂಗ್ರಹಿಸಿ, 1941ರ ಬೇಸಗೆಯಲ್ಲಿ ನಾಸಿಕದ ಗಜಪಂಥ ಕ್ಷೇತ್ರದಲ್ಲಿ ಪಂಡಿತರ ಸಭೆ ನೆರೆಯಿಸಿದರು. ಅದರ ಫಲವಾಗಿ 30,000 ರೂಪಾಯಿಗಳಿಂದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ಸ್ಥಾಪಿತವಾಯಿತು. 1944ರಲ್ಲಿ ಸುಮಾರು ಎರಡು ಲಕ್ಷ ರೂಪಾಯಿ ಬೆಲೆಯ ತಮ್ಮ ಸಮಸ್ತ ಆಸ್ತಿಯನ್ನೂ ಅವರು ವಿಶ್ವಸ್ತನಿಧಿಯಾಗಿ ಒಪ್ಪಿಸಿಬಿಟ್ಟರು. ಮರಣಾನಂತರ ಜಾರಿಗೆ ಬರುವ ಪತ್ರವನ್ನು ಬರೆದಿಟ್ಟು ಸುಮ್ಮನಾಗದೆ, ಕೊಟ್ಟ ಹಣ ಗ್ರಂಥವಾಗಿ ಹೊರಬರುವುದನ್ನು ಕಣ್ಣಾರೆ ಕಂಡು 1957ರ ಜನವರಿ 16ರಂದು ಅವರು ದಿವಂಗತರಾದರು.

ಈ ನಿಧಿಯಿಂದ ನಡೆದ ಜೀವರಾಜ ಜೈನ ಗ್ರಂಥಮಾಲೆಗೆ ಬೆಳಗಾವಿ ಜಿಲ್ಲೆಯ ಸದಲಗೆಯ ಆ. ನೇ. ಉಪಾಧ್ಯೆಯವರೂ ಹೀರಾಲಾಲ ಜೈನರೂ ಪ್ರಧಾನ ಸಂಪಾದಕರಾಗಿದ್ದರು. ದೋಶಿಯವರು ತೀರಿಕೊಂಡ ವರ್ಷವೇ ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವು ಆ ಮಾಲೆಯಲ್ಲಿ ಪ್ರಕಟವಾಯಿತು. ಹಿಂದಿನ ಹೈದರಾಬಾದು ಸಂಸ್ಥಾನದ ಕನ್ನಡ ಭಾಗದಲ್ಲಿ ಬಿಸಿಲುಮಳೆಗೆ ಸವೆಯುತ್ತಿದ್ದ ಜೈನ ದಾನಶಾಸನಗಳು ಹೀಗೆ ಆ ಗ್ರಂಥದ ಮೂಲಕ ಸೋಲಾಪುರದ ಒಂದು ದತ್ತಿಯಿಂದ ಅಚ್ಚಿಗೇರಿದವು.