ತಾಮ್ರಪಟದ ಅಕ್ಷರ ಮತ್ತು ರೂವಾರಿಯ ಉಳಿ: ಮಡಿಕೇರಿ ಶಾಸನದ ಸುತ್ತ

ಕನ್ನಡದಲ್ಲಿ ‘ಬರೆ’ ಎಂಬ ಪದಕ್ಕೆ ಎರಡು ಮುಖಗಳಿವೆ. ಕ್ರಿಯಾಪದವಾಗಿ ಅದು ಅಕ್ಷರ ಮೂಡಿಸುವುದನ್ನು ಹೇಳುತ್ತದೆ. ನಾಮಪದವಾಗಿ ಗೆರೆಯನ್ನೂ, ಕಾದ ಕಬ್ಬಿಣ ಮೈಮೇಲೆ ಉಳಿಸುವ ಗುರುತನ್ನೂ ಹೇಳುತ್ತದೆ. ಶಾಯಿಯಲ್ಲಿ ಬರೆದು ಬೆಳೆದ ನಾಡಿಗೆ ಈ ನಂಟು ವಿಚಿತ್ರವೆನಿಸೀತು. ಓಲೆಗರಿಯ ನಾಡಿಗೆ ಅದು ಸಹಜ. ದಕ್ಷಿಣದ ಲಿಪಿಕಾರನು ಕಬ್ಬಿಣದ ಕಂಟದಿಂದ ಗರಿಯ ಮೈಯನ್ನು ಗೀರಿ, ಆ ಗೀರಿನೊಳಗೆ ಮಸಿಯನ್ನು ತೀಡಿ ಅಕ್ಷರವನ್ನು ಕಾಣಿಸುತ್ತಿದ್ದನು. ಇಲ್ಲಿ ಬರವಣಿಗೆಯೆಂದರೆ ಮೊದಲಿನಿಂದಲೂ ಒಂದು ಬಗೆಯ ಕೊರೆತವೇ. ಭೂರ್ಜಪತ್ರದ ಮೇಲೆ ಮಸಿಯಲ್ಲಿ ಬರೆಯುತ್ತಿದ್ದ ಕಾಶ್ಮೀರದ ಲಿಪಿಕಾರನಿಗೂ ಇವನಿಗೂ ಇರುವ ಅಂತರ ಸಣ್ಣದಲ್ಲ.

ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ತಾಮ್ರಶಾಸನಗಳನ್ನು ನೋಡಿದರೆ ಅವುಗಳ ಆಕಾರ ತಾನಾಗಿ ಅರ್ಥವಾಗುತ್ತದೆ. ದಕ್ಷಿಣದ ಪ್ರಾಚೀನ ತಾಮ್ರಪಟಗಳು ಅಗಲಕ್ಕಿಂತ ಉದ್ದ ಹೆಚ್ಚಾದ ಪಟ್ಟಿಗಳು. ಓಲೆಗರಿಯ ಕಟ್ಟಿನಲ್ಲಿ ದಾರ ಪೋಣಿಸಲು ರಂಧ್ರವಿರುವಂತೆ ಇವುಗಳಲ್ಲಿಯೂ ಒಂದು ರಂಧ್ರ, ದಾರದ ಬದಲಿಗೆ ತಾಮ್ರದ ಬಳೆ. ಬಳೆಯ ಎರಡು ತುದಿಗಳು ರಾಜಮುದ್ರೆಯ ಅಡಿಯಲ್ಲಿ ಸೇರಿಕೊಳ್ಳುತ್ತವೆ. ಗಂಗರದಾದರೆ ಮುದ್ರೆಯಲ್ಲಿ ಆನೆ, ಬಾದಾಮಿ ಚಾಲುಕ್ಯರದಾದರೆ ವರಾಹ, ರಾಷ್ಟ್ರಕೂಟರದಾದರೆ ಸಾಮಾನ್ಯವಾಗಿ ಗರುಡ. ಮೊದಲ ಮತ್ತು ಕೊನೆಯ ಪಟಗಳ ಹೊರಮೈಯನ್ನು ಖಾಲಿ ಬಿಟ್ಟು ಒಳಮೈಗಳಲ್ಲಿ ಮಾತ್ರ ಬರೆಯುವುದು ವಾಡಿಕೆ. ಅಂಚುಗಳನ್ನು ತುಸು ಎತ್ತರಿಸಿ, ಪಟಗಳು ಒಂದಕ್ಕೊಂದು ಉಜ್ಜಿ ಅಕ್ಷರ ಸವೆಯದಂತೆ ನೋಡಿಕೊಂಡಿರುವುದು ಅನೇಕ ಕಡೆ ಕಾಣುತ್ತದೆ.

ರಾಜನು ಭೂದಾನ ಮಾಡಿದಾಗ ಅದನ್ನು ಬಟ್ಟೆಯ ಮೇಲಾಗಲಿ ತಾಮ್ರಪಟದ ಮೇಲಾಗಲಿ ಬರೆಸಿ, ತನ್ನ ವಂಶವನ್ನೂ ದಾನದ ವಿವರವನ್ನೂ ಕಾಲವನ್ನೂ ನಮೂದಿಸಿ, ಹಸ್ತಾಕ್ಷರ ಮುದ್ರೆಗಳಿಂದ ಸ್ಥಿರಗೊಳಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಬಟ್ಟೆಯ ದಾಖಲೆಗಳು ಕಾಲದ ಬಾಯಿಗೆ ಬಿದ್ದವು. ತಾಮ್ರ ಉಳಿಯಿತು. ಹೊಲದಲ್ಲಿ ಉಳುವಾಗ, ಪಾಯ ತೋಡುವಾಗ, ಹಳೆಯ ಬಸದಿಯ ಅವಶೇಷಗಳ ನಡುವೆ ಅವು ಸಿಗುತ್ತಲೇ ಬಂದಿವೆ.

ಪಟದ ಮೇಲೆ ಅಕ್ಷರ ಮೂಡುವ ಕ್ರಮದಲ್ಲಿ ಸಾಮಾನ್ಯವಾಗಿ ಮೂರು ಕೈಗಳಿದ್ದವು. ಪಾಠವನ್ನು ರಚಿಸುವವನು ಆಸ್ಥಾನದ ಪಂಡಿತ ಅಥವಾ ಅಧಿಕಾರಿ. ಆ ಪಾಠವನ್ನು ಪಟದ ಮೇಲೆ ಮಸಿಯಿಂದಲೋ ಸೂಕ್ಷ್ಮವಾದ ಗೀರುಗಳಿಂದಲೋ ಇಳಿಸುವವನು ಲೇಖಕ. ಆ ಗುರುತಿನ ಮೇಲೆ ಉಳಿಯಾಡಿಸಿ ಕೊರೆಯುವವನು ಅಕ್ಕಸಾಲಿ, ಕಂಚುಗಾರ ಅಥವಾ ರೂವಾರಿ. ಕೆಲವೊಮ್ಮೆ ಈ ಎರಡು, ಮೂರು ಕೆಲಸಗಳೂ ಒಬ್ಬನದೇ ಆಗಿರುತ್ತಿದ್ದವು. ಉಳಿ ಹಿಡಿದವನಿಗೆ ಸಂಸ್ಕೃತ ಬರಬೇಕೆಂಬ ನಿಯಮವಿರಲಿಲ್ಲ. ಆದ್ದರಿಂದಲೇ ಛಂದಸ್ಸಿನಲ್ಲಿ ನಿರ್ದುಷ್ಟವಾದ ಪ್ರಶಸ್ತಿಪದ್ಯದ ನಡುವೆ ಇದ್ದಕ್ಕಿದ್ದಂತೆ ಒಂದು ಅಕ್ಷರ ಬಿಟ್ಟುಹೋಗುವುದು, ‘ಪ’ ಕಾರ ‘ಷ’ ಕಾರಗಳು ಅದಲುಬದಲಾಗುವುದು. ತಪ್ಪಾದಾಗ ಅಷ್ಟು ಭಾಗವನ್ನು ಸುತ್ತಿಗೆಯಿಂದ ತಟ್ಟಿ ಸಮಗೊಳಿಸಿ ಮತ್ತೆ ಕೊರೆಯುತ್ತಿದ್ದರು. ತಟ್ಟಿದ ಅಕ್ಷರದ ನೆರಳು ಹೊಸ ಅಕ್ಷರದ ಕೆಳಗೆ ಇಣುಕುವುದುಂಟು. ಕೊರೆತ ಆಳವಾಗಿ ಪಟ ತೆಳ್ಳಗಿದ್ದರೆ ಅಕ್ಷರದ ಉಬ್ಬು ಹಿಂಬದಿಗೂ ಮೂಡುತ್ತದೆ. ಅಕ್ಷರದ ಗುಳಿಯೊಳಗೆ ಉಳಿ ಹೆಜ್ಜೆಹೆಜ್ಜೆಯಾಗಿ ಮುಂದುವರಿದ ಗುರುತುಗಳನ್ನೂ ಕಾಣಬಹುದು. ಜೆ. ಎಫ್. ಫ್ಲೀಟ್ ಅವರು ತಾವು ಸಂಪಾದಿಸಿದ ಪ್ರತಿಯೊಂದು ತಾಮ್ರಶಾಸನದ ಪೀಠಿಕೆಯಲ್ಲಿ ಪಟದ ಅಳತೆ, ಅಂಚಿನ ಸ್ವರೂಪ, ಕೊರೆತದ ಆಳ, ಅಕ್ಷರದೊಳಗಿನ ಉಪಕರಣದ ಗುರುತು, ತಮ್ಮ ಕೈಗೆ ಬಂದಾಗ ಬಳೆ ಕತ್ತರಿಸಿತ್ತೇ ಇಲ್ಲವೇ ಎಂಬುದನ್ನು ಬಿಡದೆ ದಾಖಲಿಸಿದರು. ಸಾಹಿತ್ಯದ ವಿದ್ಯಾರ್ಥಿಗಳು ಈ ಸಾಲುಗಳನ್ನು ಹಾರಿಸಿ ನೇರವಾಗಿ ಪಾಠಕ್ಕೆ ಹೋಗುವುದೇ ಹೆಚ್ಚು. ಆದರೆ ಪಾಠದಷ್ಟೇ ಮುಖ್ಯವಾದ ಸಾಕ್ಷ್ಯ ಅಲ್ಲಿದೆ.

ಲೋಹದ ಮೇಲೆ ಗೆರೆ ಮೂಡಿಸಲು ಉಳಿಯೊಂದೇ ದಾರಿಯಲ್ಲ. ಯೂರೋಪಿನಲ್ಲಿ ಲೋಹದ ಮೈಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಲೇಪವನ್ನಷ್ಟೇ ಗೀರಿ, ತೆರೆದ ಜಾಗವನ್ನು ಆಮ್ಲದಿಂದ ತಿನ್ನಿಸುವ ವಿಧಾನ ಕವಚಗಳ ಅಲಂಕಾರಕ್ಕೆ ಬಳಕೆಯಾಗುತ್ತಿತ್ತು. ಔಗ್ಸ್‌ಬರ್ಗಿನ ಡೇನಿಯಲ್ ಹೋಪ್ಫರ್ 1500ರ ಸುಮಾರಿಗೆ ಅದನ್ನು ಚಿತ್ರಮುದ್ರಣಕ್ಕೆ ತಂದನು. ಡ್ಯೂರರ್ ಕೂಡ 1515ರಿಂದ 1518ರ ನಡುವೆ ಕಬ್ಬಿಣದ ತಗಡುಗಳಲ್ಲಿ ಅದನ್ನು ಪ್ರಯೋಗಿಸಿದನು. ಕರ್ನಾಟಕದ ತಾಮ್ರಪಟಗಳಲ್ಲಿ ಕಾಣುವುದು ಉಳಿಯ ಕೆಲಸ. ಬೀದರಿನ ಬಿದರಿ ಕಲೆಯಲ್ಲಿಯೂ ಚಿತ್ತಾರವನ್ನು ತೋಡುವುದು ಉಳಿಯೇ. ರಾಸಾಯನಿಕಕ್ಕೆ ಅಲ್ಲಿರುವ ಪಾತ್ರ ಬೇರೆ. ಸತುವು ಹೆಚ್ಚಾಗಿರುವ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿದ ಬಳಿಕ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪ ಲೋಹವನ್ನು ಕಪ್ಪಾಗಿಸಿ ಬೆಳ್ಳಿಯನ್ನು ಮಾತ್ರ ಬೆಳ್ಳಗೆ ಬಿಡುತ್ತದೆ. ಇನ್ನೂ ಒಂದು ವ್ಯತ್ಯಾಸ ಗಮನಾರ್ಹವಾದುದು. ಯೂರೋಪಿನ ಕುಶಲಿಯು ಗುಳಿಯಲ್ಲಿ ಶಾಯಿ ತುಂಬಿ ಕಾಗದಕ್ಕೆ ಒತ್ತಿ ನೂರಾರು ಪ್ರತಿ ತೆಗೆದನು. ಇಲ್ಲಿನ ರೂವಾರಿಗೆ ಬೇಕಾಗಿದ್ದುದು ಒಂದೇ ಪ್ರತಿ, ಅದೂ ಆಚಂದ್ರಾರ್ಕವಾಗಿ. ಈ ಪಟಗಳ ಮೇಲೆ ಶಾಯಿ ಬಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ವಿದ್ವಾಂಸರು ಪಡಿಯಚ್ಚು ತೆಗೆಯಲು ತೊಡಗಿದಾಗ. ಆಗಲೂ ಶಾಯಿ ಹತ್ತಿದ್ದು ಅಕ್ಷರದ ಸುತ್ತಲ ಬಯಲಿಗೆ. ಅಕ್ಷರ ಕರಿಯ ಹಾಳೆಯಲ್ಲಿ ಬಿಳಿಯಾಗಿಯೇ ಉಳಿಯಿತು.

ಕೊರೆದವನು ಯಾರು ಎಂಬುದನ್ನು ಅನೇಕ ಶಾಸನಗಳು ಹೇಳುತ್ತವೆ. ವಿಜಯನಗರದ ಕೃಷ್ಣದೇವರಾಯನ ತಾಮ್ರಶಾಸನಗಳಲ್ಲಿ ಪದ್ಯ ಕಟ್ಟಿದ ಸಭಾಪತಿಯ ಹೆಸರಿನ ಬಳಿಯೇ ಮಲ್ಲಣನ ಮಗ ವೀರಣಾಚಾರ್ಯನ ಹೆಸರೂ ಬರುತ್ತದೆ. ಅದಕ್ಕಿಂತ ಬಹು ಹಿಂದೆ, ಗಂಗ ಶ್ರೀಪುರುಷನ ದೇವರಹಳ್ಳಿ ತಾಮ್ರಶಾಸನ, ಅಂದರೆ ಶಕ 698ರ ದಾಖಲೆ, ಶ್ರೀಪುರದಲ್ಲಿ ಕುಂದಾಚ್ಚಿ ಎಂಬ ರಾಣಿ ಕಟ್ಟಿಸಿದ ಲೋಕತಿಲಕ ಜಿನಭವನಕ್ಕೆ ಕೊಟ್ಟ ದತ್ತಿಯನ್ನು ಹೇಳಿ, ಕೊನೆಯಲ್ಲಿ ಅದನ್ನು ಬರೆದವನು ಸಕಲಕಲೆಗಳನ್ನು ಬಲ್ಲ ವಿಶ್ವಕರ್ಮಾಚಾರ್ಯನೆಂದು ತಿಳಿಸುತ್ತದೆ. ಅವನಿಗೂ ಭೂಮಿ ದೊರೆಯಿತು. ಅದನ್ನು ಬ್ರಹ್ಮದೇಯದಂತೆಯೇ ಕಾಪಾಡತಕ್ಕದ್ದೆಂಬ ವಿಧಿಯೂ ಅಲ್ಲಿದೆ. ಕುಶಲಕರ್ಮಿಯ ಸ್ಥಾನಮಾನವನ್ನು ಕುರಿತ ಚರ್ಚೆಗಳಲ್ಲಿ ಈ ಒಂದು ವಾಕ್ಯಕ್ಕೆ ಇನ್ನೂ ಸಲ್ಲಬೇಕಾದ ಗಮನ ಸಂದಿಲ್ಲ.

ಇದೇ ವಿಶ್ವಕರ್ಮನ ಹೆಸರು ಒಂದು ದೊಡ್ಡ ವಾದಕ್ಕೂ ಕಾರಣವಾಯಿತು.

ಕೊಡಗಿನ ಮಡಿಕೇರಿಯಲ್ಲಿ ದೊರೆತು, ಬಿ. ಎಲ್. ರೈಸ್ ಅವರು 1872ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ತಾಮ್ರಶಾಸನವು ಗಂಗ ಅವಿನೀತನದೆಂದು ಹೇಳಿಕೊಳ್ಳುತ್ತದೆ. ಅದರ ಕಾಲ 388. ‘ಶಕ’ ಎಂಬ ಮಾತಿಲ್ಲ, ಆದರೆ ಶಕವೆಂದೇ ಹಿಡಿದರೆ ಕ್ರಿ. ಶ. 466. ತಲವನನಗರದ, ಎಂದರೆ ತಲಕಾಡಿನ, ಶ್ರೀವಿಜಯ ಜಿನಾಲಯಕ್ಕೆ ಬದನೆಗುಪ್ಪೆ ಎಂಬ ಗ್ರಾಮವನ್ನು ದೇಸಿಗ ಗಣದ ಕೊಂಡಕುಂದಾನ್ವಯದ ಚಂದಣಂದಿ ಭಟಾರರಿಗೆ ಕೊಟ್ಟ ವಿಷಯ ಅದರಲ್ಲಿದೆ. ಚಂದಣಂದಿಯೂ ಸೇರಿ ಆ ಅನ್ವಯದ ಆರು ಗುರುಗಳ ಹೆಸರುಗಳಿವೆ. ಶಾಸನದ ಒಂದು ಭಾಗ ಕನ್ನಡದಲ್ಲಿದೆ. ಇದು ನಿಜವಾದರೆ ಎರಡು ಸಂಗತಿಗಳು ಒಮ್ಮೆಲೇ ಸ್ಥಾಪಿತವಾಗುತ್ತವೆ. ಹಲ್ಮಿಡಿ ಶಾಸನದ ಕಾಲಕ್ಕೆ ತೀರ ಸಮೀಪದಲ್ಲಿ ಕನ್ನಡದ ಇನ್ನೊಂದು ದಾಖಲೆ ದೊರೆಯುತ್ತದೆ. ‘ಸಮಯಸಾರ’, ‘ಪ್ರವಚನಸಾರ’ಗಳ ಕರ್ತೃವಾದ ಕುಂದಕುಂದಾಚಾರ್ಯರ ಕಾಲ 466ಕ್ಕಿಂತ ಕನಿಷ್ಠ ಆರು ತಲೆಮಾರು ಹಿಂದಕ್ಕೆ ಸರಿಯುತ್ತದೆ. ಎ. ಎನ್. ಉಪಾಧ್ಯೆಯವರು 1935ರ ತಮ್ಮ ‘ಪ್ರವಚನಸಾರ’ದ ಪೀಠಿಕೆಯಲ್ಲಿ ಕುಂದಕುಂದರ ಕಾಲದ ಕೆಳಗಿನ ಮಿತಿಯನ್ನು ಚರ್ಚಿಸುವಾಗ ಈ ಶಾಸನವನ್ನು ಬಳಸಿದರು. ಇದಕ್ಕೆ ಪ್ರತಿಯಾಗಿ ಕೆ. ಬಿ. ಪಾಠಕರು ಮಣ್ಣೆಯ ತಾಮ್ರಶಾಸನಗಳನ್ನು ಆಧರಿಸಿ ಆಚಾರ್ಯರನ್ನು ಆರನೆಯ ಶತಮಾನಕ್ಕೆ ತಂದಿದ್ದರು. ಒಂದು ಪಟದ ಮೇಲೆ ಶತಮಾನಗಳ ಭಾರ ಬಿತ್ತು.

ಫ್ಲೀಟ್ ಇದನ್ನು ಒಪ್ಪಲಿಲ್ಲ. ಗಂಗರ ಹೆಸರಿನ ತಾಮ್ರಶಾಸನಗಳಲ್ಲಿ ಬಹುಪಾಲು ಕೂಟಶಾಸನಗಳೆಂದು ಅವರು ವಾದಿಸಿದರು. ಅವರ ಆಯುಧಗಳಲ್ಲಿ ಒಂದು ಈ ವಿಶ್ವಕರ್ಮನೇ: 466ರದೆನ್ನುವ ಮಡಿಕೇರಿ ಶಾಸನವನ್ನೂ 776ರ ಶಾಸನವನ್ನೂ ಬರೆದವನು ವಿಶ್ವಕರ್ಮನೆಂದಾದರೆ ಅವನು ಮುನ್ನೂರು ವರ್ಷ ಬದುಕಿದ್ದನೇ? ರೈಸ್ ಅವರ ಉತ್ತರ, ವಿಶ್ವಕರ್ಮ ಎಂಬುದು ವ್ಯಕ್ತಿಯ ಹೆಸರಲ್ಲ, ಕಸುಬಿನವರ ಸಾಮಾನ್ಯ ಬಿರುದು ಎಂಬುದು. ಈ ಒಂದು ಅಂಶದಲ್ಲಿ ರೈಸ್ ಅವರ ಪಕ್ಷವೇ ಬಲವಾದುದು. ಕುಲದೇವತೆಯ ಹೆಸರನ್ನೇ ಆಚಾರ್ಯಪದವಿಯಾಗಿ ಧರಿಸುವ ಪರಂಪರೆ ಶಿಲ್ಪಿಗಳಲ್ಲಿ ಇಂದಿಗೂ ಅಪರಿಚಿತವಲ್ಲ.

ಉಳಿದ ಅಂಶಗಳಲ್ಲಿ ಫ್ಲೀಟ್ ಅವರ ಪಕ್ಷ ಗಟ್ಟಿ. ಲಿಪಿಯ ರೂಪ ಐದನೆಯ ಶತಮಾನದ್ದಲ್ಲ, ಅದಕ್ಕಿಂತ ಬಹಳ ಈಚಿನದು. ಅವಿನೀತನ ಶಾಸನದಲ್ಲಿ ಅಕಾಲವರ್ಷ ಪೃಥುವೀವಲ್ಲಭನ ಮಂತ್ರಿಯ ಪ್ರಸ್ತಾಪ ಬರುತ್ತದೆ. ಅಕಾಲವರ್ಷವೆಂಬುದು ರಾಷ್ಟ್ರಕೂಟ ಕೃಷ್ಣರ ಬಿರುದು, ಎಂಟನೆಯ ಶತಮಾನಕ್ಕೆ ಮೊದಲು ಅದಕ್ಕೆ ಜಾಗವಿಲ್ಲ. ತಿಥಿಯ ಮಾತೂ ಹಾಗೆಯೇ. ಮಾಘ ಶುದ್ಧ ಪಂಚಮಿ, ಸೋಮವಾರ, ಸ್ವಾತಿ ನಕ್ಷತ್ರ ಎಂದಿದೆ. ಮಾಘದ ಹುಣ್ಣಿಮೆಯ ಚಂದ್ರ ಮಖಾ ನಕ್ಷತ್ರದ ಬಳಿಯಿರುತ್ತಾನೆ. ಅದಕ್ಕೆ ಹತ್ತು ದಿನ ಹಿಂದಿನ ಪಂಚಮಿಯಂದು ಅವನು ರೇವತಿಯ ಆಸುಪಾಸಿನಲ್ಲಿರಬೇಕು. ಸ್ವಾತಿ ಆಕಾಶದ ಇನ್ನೊಂದು ಪಾರ್ಶ್ವದಲ್ಲಿದೆ. ಮೇಲಾಗಿ, ವಾರದ ಹೆಸರು ನಮೂದಾದ ಅತ್ಯಂತ ಹಳೆಯ ಭಾರತೀಯ ಶಾಸನವೆಂದು ಎಣಿಕೆಯಾಗಿರುವುದು ಬುಧಗುಪ್ತನ ಎರಣ್ ಶಾಸನ. ಅದರ ಕಾಲ 484.

ಇವೆಲ್ಲಕ್ಕಿಂತ ನಿರ್ಣಾಯಕವೆನಿಸುವುದು ಇನ್ನೊಂದು ತಾಮ್ರಶಾಸನ. ಶಕ 730ರಲ್ಲಿ, ಅಂದರೆ ಕ್ರಿ. ಶ. 808ರಲ್ಲಿ, ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಅಣ್ಣ ರಣಾವಲೋಕ ಕಂಭರಾಜನು ಇದೇ ಬದನೆಗುಪ್ಪೆಯನ್ನು ಇದೇ ತಲವನನಗರದ ಶ್ರೀವಿಜಯ ಬಸದಿಗಾಗಿ ಕೊಂಡಕುಂದಾನ್ವಯದ ವರ್ಧಮಾನ ಗುರುಗಳಿಗೆ ದಾನ ಮಾಡಿದನು. 466ರಲ್ಲಿಯೇ ಆ ಊರು ಆ ಬಸದಿಯದಾಗಿದ್ದರೆ 808ರ ದಾನಕ್ಕೆ ಅರ್ಥವೇನು? ಹಳೆಯ ದತ್ತಿಯ ನವೀಕರಣವೆಂಬ ಸಮಾಧಾನ ಹೇಳಬಹುದು. ಆದರೆ ಮಾಲೂರು ಬಳಿಯ ನೊಣಮಂಗಲದ ಬಸದಿಯ ಅವಶೇಷಗಳಲ್ಲಿ ದೊರೆತ ಅವಿನೀತನ ತಾಮ್ರಶಾಸನ ಮೂಲಸಂಘವನ್ನು ಮಾತ್ರ ಹೆಸರಿಸುತ್ತದೆ. ಕೊಂಡಕುಂದಾನ್ವಯವಾಗಲಿ ದೇಸಿಗ ಗಣವಾಗಲಿ ಅಲ್ಲಿಲ್ಲ. ಒಬ್ಬನೇ ರಾಜನ ಎರಡು ದಾಖಲೆಗಳಲ್ಲಿ ಒಂದು ಮೌನವಾಗಿದ್ದು ಇನ್ನೊಂದು ಇಷ್ಟು ಬಿಡಿಸಿ ಹೇಳುವುದು ಸಂಶಯವನ್ನು ಹೆಚ್ಚಿಸುತ್ತದೆ.

ಹಾಗಾದರೆ ಅದನ್ನು ಕೊರೆಸಿದವರು ವಂಚಕರೇ? ತೀರ್ಪು ಕೊಡುವ ಮೊದಲು ತಾಮ್ರಶಾಸನಗಳೇ ಹೇಳುವ ಎರಡು ಸಂಗತಿಗಳನ್ನು ನೋಡಬೇಕು. ಹರ್ಷವರ್ಧನನ ಮಧುಬನ ತಾಮ್ರಶಾಸನವು ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದ ಊರನ್ನು ಕಿತ್ತುಕೊಂಡು ಬೇರೆಯವರಿಗೆ ಕೊಟ್ಟ ಸಂಗತಿಯನ್ನು ದಾಖಲಿಸುತ್ತದೆ. ರಾಜಶಾಸನವನ್ನು ನಕಲಿಯಾಗಿ ಸೃಷ್ಟಿಸಿದವನಿಗೆ ಮನುಸ್ಮೃತಿ ವಿಧಿಸುವುದು ವಧದಂಡನೆ. ಇನ್ನೊಂದು ಬದಿಗೆ ಕಾಮರೂಪದ ಭಾಸ್ಕರವರ್ಮನ ನಿಧನಪುರ ತಾಮ್ರಶಾಸನವಿದೆ. ಪೂರ್ವಜನಾದ ಭೂತಿವರ್ಮನು ಕೊಟ್ಟಿದ್ದ ಪಟಗಳು ಬೆಂಕಿಯಲ್ಲಿ ನಾಶವಾದುದರಿಂದ ಹೊಸದಾಗಿ ಬರೆಸಲಾಗಿದೆ, ಅಕ್ಷರಗಳ ರೂಪ ಭಿನ್ನವಾಗಿರುವುದಕ್ಕೆ ಅದೇ ಕಾರಣ, ಇವು ಕೂಟವಲ್ಲ ಎಂದು ಅದು ತಾನೇ ಘೋಷಿಸುತ್ತದೆ. ಏಳನೆಯ ಶತಮಾನದವರಿಗೇ ಅಕ್ಷರದ ರೂಪದಿಂದ ಕಾಲವನ್ನು ಊಹಿಸಬಹುದೆಂಬ ಅರಿವಿತ್ತು, ಅದನ್ನು ಮುಂದಿಟ್ಟು ಯಾರಾದರೂ ಆಕ್ಷೇಪಿಸಿಯಾರೆಂಬ ಅಳುಕೂ ಇತ್ತು.

ಮಡಿಕೇರಿಯ ಪಟಗಳು ಇಂಥ ಯಾವ ವಿವರಣೆಯನ್ನೂ ಕೊಡುವುದಿಲ್ಲ. ಬಸದಿಯ ಹಕ್ಕಿನ ಬಗ್ಗೆ ವಿವಾದ ಹುಟ್ಟಿದಾಗ, ನೆನಪಿನಲ್ಲಿ ಉಳಿದ ಹಳೆಯ ದತ್ತಿಯೊಂದಕ್ಕೆ ಹೊಸ ತಾಮ್ರದಲ್ಲಿ ರೂಪ ಕೊಟ್ಟಿರುವ ಸಾಧ್ಯತೆ ಇದೆ. ಗಂಗರ ಹಳೆಯ ವಂಶಾವಳಿಯ ಪಾಠ ಬರೆಸಿದವರಿಗೆ ತಿಳಿದಿತ್ತೆಂಬುದು ಆ ಊಹೆಗೆ ಸ್ವಲ್ಪ ಬೆಂಬಲ. ಅಷ್ಟೇ ಸಾಧ್ಯವಾದುದು, ಹಿಂದಿನ ದಿನಾಂಕವನ್ನು ಬೇಕೆಂದೇ ಹಾಕಿಸಿದ್ದಾರೆಂಬುದು. ಎರಡರಲ್ಲಿ ಯಾವುದಾದರೂ ಸರಿಯೇ, ಪಟದ ಮೇಲೆ ಉಳಿಯಾಡಿಸಿದ ಕೈ ಒಂಬತ್ತನೆಯ ಶತಮಾನದ ಸುಮಾರಿನದು. ರೂವಾರಿ ತನ್ನ ಕಾಲದ ಅಕ್ಷರವನ್ನೇ ಬಲ್ಲವನು. ನಾನ್ನೂರು ವರ್ಷದ ಹಿಂದಿನ ‘ಅ’ಕಾರವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಫ್ಲೀಟ್ ಅವರ ಹಟಕ್ಕೂ ಒಂದು ಮಿತಿಯಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಪೆನುಕೊಂಡೆಯ ಗಂಗ ಮಾಧವನ ತಾಮ್ರಶಾಸನ ಬೆಳಕಿಗೆ ಬಂದಾಗ ಅದನ್ನು ನೈಜವೆಂದು, ಸುಮಾರು 475ರದೆಂದು ಅವರು ಒಪ್ಪಿದರು. ಗಂಗರ ಇತಿಹಾಸವನ್ನೇ ಕಟ್ಟುಕಥೆಯೆಂದು ತಳ್ಳಿಹಾಕಿದವರೆಂಬ ಅಪವಾದ ಅವರ ಮೇಲಿದೆ. ಪಟದ ಸಾಕ್ಷ್ಯ ಬದಲಾದಾಗ ಅವರ ಮಾತೂ ಬದಲಾಯಿತು. ಕೆ. ವಿ. ರಮೇಶ್ ಅವರು 1984ರಲ್ಲಿ ಪಶ್ಚಿಮ ಗಂಗರ ಶಾಸನಗಳ ಸಂಪುಟವನ್ನು ಹೊರತಂದು, ನೈಜ ಮತ್ತು ಕೂಟ ಶಾಸನಗಳನ್ನು ಬೇರ್ಪಡಿಸಿ ಕೊಟ್ಟ ಮೇಲೆ ಸಂಶೋಧಕರ ದಾರಿ ಸುಗಮವಾಗಿದೆ. ಆದರೂ 466 ಎಂಬ ಅಂಕಿ ಸಾಹಿತ್ಯಚರಿತ್ರೆಗಳಲ್ಲಿ, ಪರೀಕ್ಷೆಯ ಟಿಪ್ಪಣಿಗಳಲ್ಲಿ ಪ್ರಶ್ನೆಯಿಲ್ಲದೆ ಮುಂದುವರಿದಿದೆ.

ಕುಂದಕುಂದರ ಗ್ರಂಥಗಳ ಪ್ರಾಚೀನತೆಯನ್ನು ನಿರ್ಣಯಿಸಲು ಅವುಗಳ ಪ್ರಾಕೃತ ಭಾಷೆ, ಪೂಜ್ಯಪಾದಾದಿಗಳ ಕೃತಿಗಳೊಂದಿಗಿನ ಸಂಬಂಧ, ಟೀಕಾಪರಂಪರೆ ಇವೇ ಮೊದಲಾದ ದಾರಿಗಳಿವೆ. ಅವು ಆಚಾರ್ಯರನ್ನು ಎಷ್ಟು ಹಿಂದಕ್ಕಾದರೂ ಕೊಂಡೊಯ್ಯಲಿ. ತಾಮ್ರಪಟಗಳಿಂದ ಈಗ ನಿಶ್ಚಯವಾಗಿ ಹೇಳಬಹುದಾದುದು ಇಷ್ಟು: ಕೊಂಡಕುಂದಾನ್ವಯದ ಹೆಸರು ಮಣ್ಣೆಯ 797 ಮತ್ತು 802ರ ಪಟಗಳಲ್ಲಿಯೂ ಬದನೆಗುಪ್ಪೆಯ 808ರ ಪಟಗಳಲ್ಲಿಯೂ ಇದೆ, ಮಣ್ಣೆಯ ಪಟಗಳು ಆ ಅನ್ವಯದ ತೋರಣಾಚಾರ್ಯ, ಪುಷ್ಪಣಂದಿ, ಪ್ರಭಾಚಂದ್ರರನ್ನು ಹೆಸರಿಸುತ್ತವೆ, ಅಂದಮೇಲೆ ಆ ಅನ್ವಯ ಎಂಟನೆಯ ಶತಮಾನದ ಮಧ್ಯದಲ್ಲಾದರೂ ಇತ್ತು.