ಸೇನಾ ಕಾರ್ಯಾಚರಣೆಯ ಮಾಹಿತಿ ನಿರ್ವಹಣೆಯಲ್ಲಿ ಕೃತಕ ಬುದ್ಧಿಮತ್ತೆ

ರಣರಂಗದ ನಾನಾ ಮೂಲಗಳಿಂದ ಬರುವ ಸುದ್ದಿಯನ್ನು ಯಂತ್ರದ ನೆರವಿನಿಂದ ಸೋಸಿ, ಹೊಂದಿಸಿ, ಸೇನಾಧಿಕಾರಿಯ ಮುಂದಿಡುವ ವಿದ್ಯೆ. ಭಾರತದಲ್ಲಿ ಇದರ ಚರಿತ್ರೆ ಬಹುಪಾಲು ಬೆಂಗಳೂರಿನದು.

ಕೊಡಗಿನ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯನವರು 1948ರ ನವೆಂಬರ್‌ನಲ್ಲಿ ಕಾಶ್ಮೀರದ ಜೋಜಿಲಾ ಘಾಟಿಗೆ ಟ್ಯಾಂಕುಗಳನ್ನು ಏರಿಸಿದಾಗ, ಪರಿಸ್ಥಿತಿ ಅರಿಯಲು ತಾವೇ ಮುಂಚೂಣಿಗೆ ಹೋಗಿದ್ದರು. ಇಂದಿನ ಸೇನಾನಿಯ ತೊಡಕು ಸುದ್ದಿಯ ಅಭಾವಕ್ಕಿಂತ ಅದರ ಮಹಾಪೂರ.

ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ (ಡಿಆರ್‌ಡಿಒ) 1986ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರವನ್ನು (ಸಿಎಐಆರ್) ತೆರೆಯಿತು. 1989ರಿಂದ 2000ದವರೆಗೆ ಅದನ್ನು ಬೆಳೆಸಿದವರು ಎಂ. ವಿದ್ಯಾಸಾಗರ್. ಆಗಿನ ಒಲವು ರೋಬಾಟ್ ಮತ್ತು ನಿಯಂತ್ರಣ ವ್ಯವಸ್ಥೆಗಳ ಕಡೆಗಿತ್ತು. ಅಷ್ಟರಲ್ಲಿ ಕಾರ್ಗಿಲ್ ಯುದ್ಧ ನಡೆಯಿತು. ಗುಪ್ತಚರ ಸಂಸ್ಥೆಗಳ ನಡುವೆ ಹೊಂದಾಣಿಕೆ ಸಾಲದೆಂದು ಅದನ್ನು ಪರಾಮರ್ಶಿಸಿದ ಕೆ. ಸುಬ್ರಹ್ಮಣ್ಯಂ ಸಮಿತಿ ಎತ್ತಿ ತೋರಿಸಿತು. 2000ದ ನವೆಂಬರ್‌ನಲ್ಲಿ, ಬೆಂಗಳೂರಿನದೇ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇಯಲ್ಲಿ ಕಮಾಂಡ್, ಸಂಪರ್ಕ ಹಾಗೂ ಗೂಢಲಿಪಿಯ ಕೆಲಸ ಮಾಡುತ್ತಿದ್ದ ತಂಡಗಳು ಸಿಎಐಆರ್ ಜೊತೆ ವಿಲೀನಗೊಂಡವು. ಈ ಕ್ಷೇತ್ರದ ನಿಜವಾದ ತಿರುವು ಇದೇ. ಸೇನೆಯ ತೀರ್ಮಾನಗಳಿಗೆ ನೆರವಾಗುವ ‘ಸಂವಾಹಕ’ ವ್ಯವಸ್ಥೆ ಮುಂದೆ ಇಲ್ಲಿ ರೂಪುಗೊಂಡಿತು.

ಇಂಥ ವ್ಯವಸ್ಥೆಯ ಕೆಲಸದ ತಿರುಳು ಹೀಗೆ. ರಾತ್ರಿ ಕಣಿವೆಯಲ್ಲಿ ಒಂದು ವಾಹನ ಸಾಗುತ್ತಿದೆ. ರೇಡಾರಿಗೆ ಅದು ಚಲಿಸುವ ಚುಕ್ಕೆ, ಡ್ರೋನಿನ ಕ್ಯಾಮೆರಾಕ್ಕೆ ಬಿಸಿಯ ಗುರುತು, ಕಾವಲಿನ ಸೈನಿಕನಿಗೆ ಎಂಜಿನ್ ಸದ್ದು. ಮೂರು ವರದಿಗಳ ಹೊತ್ತು, ಜಾಗ ತುಸು ಬೇರೆ ಬೇರೆ. ಹಾಗೇ ನಕ್ಷೆಗೆ ಏರಿಸಿದರೆ ಒಂದು ವಾಹನ ಮೂರಾಗುತ್ತದೆ. ವೇಗ, ದಿಕ್ಕು, ಸಮಯಗಳನ್ನು ತಾಳೆ ನೋಡಿ, ಮೂರೂ ಒಂದೇ ವಾಹನವಾಗಿರುವ ಸಂಭವ ಎಷ್ಟೆಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ಆ ಸಂಭವದ ಅಂಕಿಯನ್ನು ಅಧಿಕಾರಿಗೆ ಕಾಣಿಸದೆ ಬರಿಯ ಉತ್ತರ ಕೊಡುವ ವ್ಯವಸ್ಥೆ ಅಪಾಯಕಾರಿ. ಯಂತ್ರದ ಮಾತೇ ಕೊನೆಯಲ್ಲ: 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಎಚ್ಚರಿಕೆ ವ್ಯವಸ್ಥೆ ಅಮೆರಿಕದ ಕ್ಷಿಪಣಿಗಳು ಹೊರಟಿವೆ ಎಂದು ಸುಳ್ಳು ಸೂಚನೆ ನೀಡಿತ್ತು; ಕರ್ತವ್ಯದಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಅದನ್ನು ನಂಬಲಿಲ್ಲ.

2018ರಲ್ಲಿ ಎನ್. ಚಂದ್ರಶೇಖರನ್ ನೇತೃತ್ವದ ಕಾರ್ಯಪಡೆ ರಕ್ಷಣೆಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ ಕುರಿತು ವರದಿ ಕೊಟ್ಟ ಮೇಲೆ ರಕ್ಷಣಾ ಕೃತಕ ಬುದ್ಧಿಮತ್ತಾ ಮಂಡಳಿ ಬಂತು. 2020ರ ಜನವರಿಯಲ್ಲಿ ಕೃತಕ ಬುದ್ಧಿಮತ್ತೆಗೆಂದೇ ಡಿಆರ್‌ಡಿಒದ ಯುವ ವಿಜ್ಞಾನಿಗಳ ಪ್ರಯೋಗಾಲಯ ಬೆಂಗಳೂರಿಗೆ ದಕ್ಕಿತು. 2022ರ ಜುಲೈನಲ್ಲಿ ರಕ್ಷಣಾ ಕ್ಷೇತ್ರದ 75 ಕೃತಕ ಬುದ್ಧಿಮತ್ತಾ ಉತ್ಪನ್ನಗಳು ಬಿಡುಗಡೆಯಾದವು.

2025ರ ಜನವರಿಯಲ್ಲಿ ಚಾಲನೆಗೊಂಡ, ಸೇನೆ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸೇರಿ ರೂಪಿಸಿದ 2,402 ಕೋಟಿ ರೂಪಾಯಿಯ ‘ಸಂಜಯ್’ ವ್ಯವಸ್ಥೆ ನೆಲದ ಮತ್ತು ಆಗಸದ ಸಂವೇದಕಗಳ ಸುದ್ದಿಯನ್ನು ಪರಿಶೀಲಿಸಿ, ಪುನರಾವರ್ತನೆ ತೆಗೆದು, ಬ್ರಿಗೇಡ್‌ನಿಂದ ಸೇನಾ ಪ್ರಧಾನ ಕಚೇರಿಯವರೆಗೆ ಒಂದೇ ಚಿತ್ರವಾಗಿ ತಲುಪಿಸುತ್ತದೆ.