ಶೇಕಡ 0.03

ನನ್ನ ಬಳಿ ವಿಜ್ಞಾನ ಕಲಿತವರಿಗೆಲ್ಲ ಈ ಅಂಕಿ ನೆನಪಿರಬಹುದು. ಗಾಳಿಯಲ್ಲಿ ಸಾರಜನಕ ಶೇಕಡ 78, ಆಮ್ಲಜನಕ 21, ಇಂಗಾಲದ ಡೈಆಕ್ಸೈಡ್ 0.03. ಕಪ್ಪು ಹಲಗೆಯ ಮೇಲೆ ವರ್ಷವರ್ಷವೂ ಇದನ್ನೇ ಬರೆದೆ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, "ಇದನ್ನು ಅಳೆದವರು ಯಾರು ಸಾರ್?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದುಬಿಟ್ಟೆ.

ಈಚೆಗೆ ನನ್ನ ತಮ್ಮನ ಮಗಳು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತೇನೆಂದಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. "ಗಿಡ ನೆಡುವುದಕ್ಕೆ ಎಂ.ಎಸ್ಸಿ. ಬೇಕೆ?" ಎಂದರು ಹಿರಿಯರೊಬ್ಬರು. ಆಗ ನನಗೆ ಆ ಹಳೆಯ ಪ್ರಶ್ನೆ ನೆನಪಾಯಿತು. ತಡವಾಗಿಯಾದರೂ ಉತ್ತರ ಬರೆಯುತ್ತಿದ್ದೇನೆ.

1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲಗಳನ್ನು ತುಂಬಿ ಬಿಸಿಲಿಗಿಟ್ಟರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಉಳಿದವುಗಳಿಗಿಂತ ಹೆಚ್ಚು ಕಾಯಿತು. ತಣಿಯಲು ಬಹಳ ಹೊತ್ತು ಹಿಡಿಯಿತು. ವಾತಾವರಣದಲ್ಲಿ ಈ ಅನಿಲ ಹೆಚ್ಚಿದರೆ ಭೂಮಿಯ ತಾಪವೂ ಏರುವುದೆಂದು ಅವರು ಬರೆದರು. ವಿದ್ವಾಂಸರ ಸಭೆಯಲ್ಲಿ ಆ ಪ್ರಬಂಧವನ್ನು ಓದಿದವರು ಜೋಸೆಫ್ ಹೆನ್ರಿ. ಮುಂದೆ ಫೂಟ್ ಅವರ ಹೆಸರು ನೂರೈವತ್ತು ವರ್ಷ ಹೆಚ್ಚುಕಡಿಮೆ ಮರೆತೇಹೋಗಿತ್ತು. ಈ ಅನಿಲ ಶಾಖಕಿರಣಗಳನ್ನು ಹೀರುತ್ತದೆಂದು 1859ರಲ್ಲಿ ಜಾನ್ ಟಿಂಡಾಲ್ ತೋರಿಸಿದರು. ಅದರ ಪ್ರಮಾಣ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತೆಂದು 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಲೆಕ್ಕ ಹಾಕಿದರು.

ಆದರೆ ಅನಿಲ ನಿಜವಾಗಿಯೂ ಹೆಚ್ಚುತ್ತಿದೆಯೆ? ಕಡಲು ಅದನ್ನೆಲ್ಲ ಹೀರಿಕೊಳ್ಳುತ್ತದೆಂದು ಅನೇಕರು ನಂಬಿದ್ದರು. 1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ ಅಳೆಯತೊಡಗಿದರು. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ. ಉತ್ತರಾರ್ಧಗೋಳದ ಗಿಡಮರಗಳು ಚಿಗುರಿ ಬೆಳೆಯುವಾಗ ಅಂಕಿ ಇಳಿಯುತ್ತಿತ್ತು, ಚಳಿಗಾಲದಲ್ಲಿ ಏರುತ್ತಿತ್ತು. ಭೂಮಿಯೇ ಉಸಿರಾಡಿದಂತೆ! ಆದರೆ ಪ್ರತಿವರ್ಷವೂ ಹಿಂದಿನ ವರ್ಷಕ್ಕಿಂತ ತುಸು ಮೇಲಕ್ಕೆ. 1964ರಲ್ಲಿ ಹಣವಿಲ್ಲದೆ ಕೆಲವು ಕಾಲ ಅಳತೆ ನಿಂತಿತು. ಆದರೂ 2005ರಲ್ಲಿ ತೀರಿಕೊಳ್ಳುವವರೆಗೆ ಕೀಲಿಂಗ್ ಆ ಕೆಲಸವನ್ನು ಬಿಡಲಿಲ್ಲ.

1958 ನಾನು ಹುಟ್ಟಿದ ವರ್ಷ. ಶಾಲೆಗೆ ಸೇರಿದ 1985ರಲ್ಲಿ ಆ ಅಂಕಿ ಸುಮಾರು 346. ನಿವೃತ್ತನಾದ 2018ರಲ್ಲಿ 408. ಈಗ 420ನ್ನೂ ದಾಟಿದೆ. ಅಂದರೆ ಶೇಕಡ 0.04ಕ್ಕಿಂತ ಹೆಚ್ಚು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟದ್ದು, ಕಾಡು ಕಡಿದದ್ದು ಇದಕ್ಕೆ ಮುಖ್ಯ ಕಾರಣ. ನಾನು ಶಾಶ್ವತ ಸತ್ಯವೆಂಬಂತೆ ಬರೆಯುತ್ತಿದ್ದ ಅಂಕಿ, ಬರೆಯುತ್ತಿರುವಾಗಲೇ ಸುಳ್ಳಾಗುತ್ತಿತ್ತು.

ಗಿಡ ನೆಡುವುದು ಒಳ್ಳೆಯದೇ. ಆದರೆ ಆ ಗಿಡ ಹೀರಿದ ಇಂಗಾಲವೆಷ್ಟು, ಊರ ಕೆರೆಯ ನೀರಿನಲ್ಲಿ ಉಳಿದಿರುವ ಆಮ್ಲಜನಕವೆಷ್ಟು, ಮಳೆಯ ಲೆಕ್ಕ ಎಲ್ಲಿ ತಪ್ಪುತ್ತಿದೆ ಎಂದು ತಾಳ್ಮೆಯಿಂದ ಅಳೆಯುವವರೂ ಬೇಕು. ಅದನ್ನು ಕಲಿಯಲೆಂದೇ ತಮ್ಮನ ಮಗಳು ಎಂ.ಎಸ್ಸಿ.ಗೆ ಸೇರಿದ್ದಾಳೆ. ಮನೆಯವರನ್ನು ಒಪ್ಪಿಸಿದ್ದು ನಾನೇ.

ಅಂದು ಪ್ರಶ್ನೆ ಕೇಳಿದ ಹುಡುಗಿಯ ಮುಖ ನೆನಪಿದೆ, ಹೆಸರು ಮರೆತಿದೆ. ಈ ಬರಹ ನಿನ್ನ ಕಣ್ಣಿಗೆ ಬಿದ್ದರೆ, ತಾಯಿ, ನಿನ್ನ ಪ್ರಶ್ನೆ ಸರಿಯಾಗಿಯೇ ಇತ್ತು. ಕುಳಿತುಕೋ ಎಂದದ್ದು ನನ್ನ ತಪ್ಪು.